‘ಕೆರೆಗೆ ಹಾರ’: ಸಂಸ್ಕಾರವಿಲ್ಲದ ಸಾವು

ಕನ್ನಡದ ಜನಪದ ಕಥನಗೀತೆಗಳಲ್ಲಿ ‘ಕೆರೆಗೆ ಹಾರ’ದಷ್ಟು ಪ್ರಚಾರ ಪಡೆದವು ವಿರಳ. ಅದರ ನಾಯಿಕೆ ಭಾಗೀರಥಿಯನ್ನು ತ್ಯಾಗಮೂರ್ತಿಯೆಂದೂ, ಲೋಕಹಿತಕ್ಕಾಗಿ ತನ್ನನ್ನು ಅರ್ಪಿಸಿಕೊಂಡ ಮಹಾಸತಿಯೆಂದೂ ಬಣ್ಣಿಸುವುದು ವಾಡಿಕೆಯಾಗಿಬಿಟ್ಟಿದೆ. ಈ ಬಣ್ಣನೆ ಹಾಡಿನ ಮಾತಿಗೆ ಒಪ್ಪುವುದೇ ಎಂಬುದು ವಿಚಾರಾರ್ಹವಾಗಿದೆ. ತನ್ನನ್ನು ತಾನೇ ಅರ್ಪಿಸಿಕೊಳ್ಳುವವಳಾಗಿದ್ದರೆ ಅವಳನ್ನು ಕೆರೆಗೆ ಮರಳಿ ಕಳುಹಿಸಲು ಬಂಗಾರದ ಬಟ್ಟಲೊಂದನ್ನು ಅಲ್ಲಿ ಬಿಟ್ಟು ಬರಬೇಕಾಗಿತ್ತೆ? ನೆಪವಿದ್ದಲ್ಲಿ ತ್ಯಾಗವಿಲ್ಲ. ಈ ಗೀತೆ ವಸ್ತುತಃ ಒಂದು ಕೊಲೆಯ ಕಥೆ. ಅದೂ ಮನೆಯವರೇ ಮಾಡಿದ ಕೊಲೆಯ ಕಥೆ.

ಕಥೆಯ ಹಂದರ ಚಿಕ್ಕದು. ಕಲ್ಲನಕೇರಿಯ ಮಲ್ಲನಗೌಡ ಕೆರೆಯನ್ನು ಕಟ್ಟಿಸಿದ. ಅದರಲ್ಲಿ ನೀರು ಬೀಳಲಿಲ್ಲ. ಜೋಯಿಸರು ಹೊತ್ತಿಗೆಯನ್ನು ತೆರೆದು ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದರು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುತ್ತದೆ. ಆದುದರಿಂದ ಕಿರಿಯಳಾದ ಭಾಗೀರಥಿಯ ಸರದಿ ಬಂದಿತು. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋಗಿ ಬಾಡಿದ ಮುಖದಿಂದ ನಿಲ್ಲುತ್ತಾಳೆ. ಅತ್ತೆಮಾವಂದಿರು ಬೇರೆಯಿಡುತ್ತಾರಂತೆ ಎಂದಷ್ಟೇ ಹೇಳಿದಾಗ ತಂದೆ ಹೊಲಮನೆ ಕೊಡುವ ಮಾತನಾಡುತ್ತಾನೆ. ನಿಜವನ್ನು ಅವಳು ತಿಳಿಸುವುದು ಗೆಳತಿಯೊಬ್ಬಳಿಗೆ ಮಾತ್ರ. ಆಕೆಯೂ ಇಟ್ಟಂತೆ ಇರಬೇಕೆಂದು ಸಮಾಧಾನ ಹೇಳಿ ಸುಮ್ಮನಾಗುತ್ತಾಳೆ. ಗಂಗೆಯ ಪೂಜೆ, ಊಟ ಎಲ್ಲವೂ ಸಾಂಗವಾಗಿ ನಡೆಯುತ್ತವೆ. ಮರೆತು ಬಂದ ಬಟ್ಟಲಿಗಾಗಿ ಭಾಗೀರಥಿ ಹಿಂತಿರುಗುತ್ತಾಳೆ. ಒಂದೊಂದು ಮೆಟ್ಟಿಲಿಗೂ ನೀರು ಅವಳ ಮೈಯ ಮೇಲೆ ಏರುತ್ತ ಹೋಗಿ, ಐದನೆಯ ಮೆಟ್ಟಿಲಿಗೆ ಅವಳು ಇಲ್ಲವಾಗುತ್ತಾಳೆ.

ಭಾಗೀರಥಿಗೆ ತನ್ನ ಗತಿ ತಿಳಿದಿತ್ತೆಂಬುದು ನಿಜ. ಆದರೆ ತಿಳಿದಿದ್ದಳೆಂದ ಮಾತ್ರಕ್ಕೆ ಒಪ್ಪಿದ್ದಳೆಂದು ಹೇಳಲು ಬರುವುದಿಲ್ಲ. ಒಪ್ಪಿದವಳು ತವರಿನ ಬಾಗಿಲಲ್ಲಿ ಕಣ್ಣೀರಿಡುವುದಿಲ್ಲ. ‘ಹಾರ’ ಎಂಬ ಮಾತನ್ನು ಹೂಮಾಲೆಯೆಂದು ತಿಳಿದರೆ ಅರ್ಪಣೆಯ ಭಾವ ಬರುತ್ತದೆ. ಆಹಾರವೆಂದು ತಿಳಿದರೆ ತಿನ್ನುವ ಬಾಯಿ ಕಣ್ಣೆದುರು ನಿಲ್ಲುತ್ತದೆ. ತ್ಯಾಗದ ವ್ಯಾಖ್ಯಾನ ಮೊದಲನೆಯ ಅರ್ಥವನ್ನು ಹಿಡಿದಿದೆ. ಕಥೆಯ ನಡೆ ಎರಡನೆಯದನ್ನು ಸಮರ್ಥಿಸುತ್ತದೆ.

ಅಕಾಲದಲ್ಲಿ, ಪರರ ಕೈಯಿಂದ ಸತ್ತವರನ್ನು ಲೋಕ ಬಗೆಬಗೆಯಾಗಿ ಕಂಡಿದೆ. ದುರ್ಮರಣಕ್ಕೀಡಾದವನ ಜೀವ ಅಲೆಯುತ್ತದೆ, ಕೊಂದವರ ಕುಲವನ್ನು ಕಾಡುತ್ತದೆ ಎಂಬ ನಂಬಿಕೆ ಎಲ್ಲೆಡೆಯೂ ಇದೆ. ವೈದಿಕ ಪರಂಪರೆ ಇಂಥವರಿಗಾಗಿ ನಾರಾಯಣಬಲಿಯನ್ನು ವಿಧಿಸಿತು. ದೇಹ ದೊರೆಯದಿದ್ದರೆ ದರ್ಭೆ, ಪಲಾಶದ ಎಲೆಗಳಿಂದ ಪ್ರತಿಕೃತಿಯನ್ನು ರಚಿಸಿ ಸಂಸ್ಕಾರ ಮಾಡುವ ವಿಧಾನವನ್ನೂ ತಿಳಿಸಿತು. ಕಾಳಗದಲ್ಲಿಯೋ ತುರುಗೊಳ್ ಸಂದರ್ಭದಲ್ಲಿಯೋ ಮಡಿದವನಿಗೆ ಕನ್ನಡನಾಡು ವೀರಗಲ್ಲನ್ನು ನಿಲ್ಲಿಸಿತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಪಯಣ, ಮೇಲೆ ಲಿಂಗದ ಸನ್ನಿಧಿ. ಇದು ಆ ಕಲ್ಲುಗಳ ಸಾಮಾನ್ಯ ವಿನ್ಯಾಸ. ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’ಯೆಂದು ಭೂಮಿಯನ್ನು ಬಿಟ್ಟುದನ್ನು ಶಾಸನಗಳು ಸಾರುತ್ತವೆ. ತುಳುನಾಡಿನಲ್ಲಿ ಅನ್ಯಾಯಕ್ಕೀಡಾದವರು ದೈವಗಳಾದರು. ಕಾರ್ಕಳದ ಅರಸನಿಂದ ಅಂಗಹೀನನಾದ ಶಿಲ್ಪಿ ಕಲ್ಕುಡ, ಅವನ ತಂಗಿ ಕಲ್ಲುರ್ಟಿ, ಹಣ್ಣು ಕೀಳಲು ಹೋಗಿ ಮಾಯವಾದ ಕೊರಗತನಿಯ ಇವರೆಲ್ಲ ಇಂದಿಗೂ ಕೋಲ ಪಡೆಯುತ್ತಾರೆ. ಅವರಿಗಾದ ಅನ್ಯಾಯವನ್ನು ಪಾಡ್ದನಗಳು ಹಾಡುತ್ತವೆ.

ಈ ಆಚರಣೆಗಳಲ್ಲಿ ಸತ್ತವರ ಮೇಲಿನ ಗೌರವವಿಲ್ಲವೆಂದು ಹೇಳಲಾಗದು. ಪಾಡ್ದನವಂತೂ ಅನ್ಯಾಯ ಮಾಡಿದವನ ಹೆಸರನ್ನು ಮರೆಯಗೊಡುವುದಿಲ್ಲ. ಆದರೂ ಇವುಗಳ ಬುಡದಲ್ಲಿ ಬದುಕಿರುವವರ ಭಯವೂ ಇದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಬಲಿಕೊಟ್ಟು, ಗುಡಿಕಟ್ಟಿ, ಎಡೆಯಿಟ್ಟು ಸತ್ತವರನ್ನು ತಣಿಸಿದ ಮೇಲೆ ಕೊಂದವರ ಮನೆಯಲ್ಲಿ ನಿದ್ದೆ ಬರುತ್ತದೆ. ಅನ್ಯಾಯದ ಲೆಕ್ಕ ಕಾಣಿಕೆಯ ಲೆಕ್ಕವಾಗಿ ಮುಗಿಯುತ್ತದೆ. ನಾಡಿನ ಎಷ್ಟೋ ಕೆರೆಗಳ ಏರಿಯ ಮೇಲೆ, ಹಾರವಾದವಳೆಂದು ಜನ ಹೇಳುವ ಹೆಣ್ಣಿನ ಗುಡಿಗಳಿವೆ. ಅಲ್ಲಿ ವರ್ಷಕ್ಕೊಮ್ಮೆ ಸೀರೆ ಕುಪ್ಪಸ ಸಲ್ಲುತ್ತವೆ. ಅವಳನ್ನು ನೀರಿಗೆ ನೂಕಿದವರು ಯಾರೆಂದು ಕೇಳುವ ಪದ್ಧತಿಯಿಲ್ಲ.

‘ಕೆರೆಗೆ ಹಾರ’ದ ಹಿರಿಮೆ ಇಲ್ಲಿ ಕಾಣುತ್ತದೆ. ಈ ಗೀತೆ ಭಾಗೀರಥಿಯನ್ನು ದೆವ್ವವಾಗಿಸಲಿಲ್ಲ, ದೇವಿಯಾಗಿಸಲೂ ಇಲ್ಲ. ಅವಳ ಹೆಣ ಮೇಲೆ ಬರುವುದಿಲ್ಲ; ಮಣ್ಣಿಲ್ಲ, ಕಲ್ಲಿಲ್ಲ, ಅಳುವ ಬಂಧುಗಳಿಲ್ಲ. ಶತ್ರುವಿನ ಕೈಯಿಂದ ಸತ್ತ ವೀರನಿಗೆ ದೊರೆತ ಕೊಡಗೆ ಮನೆಯವರ ಕೈಯಿಂದ ಸತ್ತ ಸೊಸೆಗೆ ದೊರೆಯಲಿಲ್ಲ. ಸಂಸ್ಕಾರದ ಸ್ಥಳದಲ್ಲಿ ಹಾಡು ಒಂದು ಸುಳ್ಳನ್ನು ತಂದು ನಿಲ್ಲಿಸುತ್ತದೆ. ಕೆಟ್ಟ ಕನಸು ಕಂಡು ದಂಡಿನಿಂದ ಓಡಿಬಂದ ಗಂಡ ಹೆಂಡತಿಯೆಲ್ಲಿ ಎಂದರೆ, ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ತವರಿನವರು ಗೆಳತಿಯ ಮನೆಯನ್ನು ತೋರಿಸುತ್ತಾರೆ. ನಿಜವನ್ನು ನುಡಿಯುವವಳು ಆ ಗೆಳತಿ. ಮಾದೇವರಾಯ ಏರಿಯ ಮೇಲೆ ನಿಂತು ಕಣ್ಣೀರಿಡುತ್ತಾನೆ. ಇಡೀ ಗೀತೆಯಲ್ಲಿ ಭಾಗೀರಥಿಗಾಗಿ ನಡೆದ ಉತ್ತರಕ್ರಿಯೆ ಅದೊಂದೇ. ಬಳಿಕ ಅವನೂ ಅದೇ ಕೆರೆಗೆ ಹಾರುತ್ತಾನೆ. ಮನೆತನವನ್ನು ಉಳಿಸಲೆಂದು ಹಿರಿಯ ಸೊಸೆಯನ್ನು ಬಿಟ್ಟುಕೊಂಡ ಗೌಡ ಮಗನನ್ನೇ ಕಳೆದುಕೊಳ್ಳುತ್ತಾನೆ.

ಇದೇ ಆಶಯದ ಗೀತೆ ದೂರದ ಬಾಲ್ಕನ್ ನಾಡುಗಳಲ್ಲಿಯೂ ಉಂಟು. ವೂಕ್ ಕರಾಜಿಚ್ (1787–1864) ಸಂಗ್ರಹಿಸಿದ ಸರ್ಬಿಯದ ಗೀತೆಯಲ್ಲಿ ಮೂವರು ಸೋದರರು ಸ್ಕದಾರ್ ಕೋಟೆಯನ್ನು ಕಟ್ಟುತ್ತಾರೆ. ಹಗಲು ಕಟ್ಟಿದ್ದು ಇರುಳು ಕುಸಿಯುತ್ತದೆ. ಮರುದಿನ ಬುತ್ತಿ ತರುವ ಹೆಂಡತಿಯನ್ನು ಗೋಡೆಯಲ್ಲಿ ಹುಗಿಯಬೇಕು, ಮನೆಯಲ್ಲಿ ಯಾರಿಗೂ ತಿಳಿಸಬಾರದು ಎಂದು ಆಣೆಯಾಗುತ್ತದೆ. ಹಿರಿಯರಿಬ್ಬರು ಆಣೆ ಮುರಿದು ತಮ್ಮ ಹೆಂಡಿರನ್ನು ಎಚ್ಚರಿಸುತ್ತಾರೆ; ಕಿರಿಯನು ಮಾತಿಗೆ ತಪ್ಪುವುದಿಲ್ಲ; ಅವನ ಹೆಂಡತಿ ಗೋಡೆಯೊಳಗಾಗುತ್ತಾಳೆ. ಅಲ್ಲಿಯೂ ಕಿರಿಯಳೇ ಬಲಿ. ಅಲ್ಲಿಯೂ ಹಿರಿಯರು ತಮ್ಮದನ್ನು ಉಳಿಸಿಕೊಳ್ಳುತ್ತಾರೆ. ಆದರೆ ಆ ಗೀತೆ ಹಸುಗೂಸಿಗೆ ಹಾಲೂಡಲು ಗೋಡೆಯಲ್ಲಿ ಕಿಂಡಿಯನ್ನಿರಿಸಿ, ಆ ಸ್ಥಳವನ್ನು ಬಾಣಂತಿಯರ ಪುಣ್ಯಕ್ಷೇತ್ರವನ್ನಾಗಿಸುತ್ತದೆ. ಕನ್ನಡದ ಗೀತೆ ಅಂಥ ಸಮಾಧಾನವನ್ನು ಕೇಳುಗರಿಗೆ ಕೊಡದು.

ಶರಣರ ದೃಷ್ಟಿಯ ಬೆಳಕಿನಲ್ಲಿ ಈ ನಿಷ್ಠುರತೆಯ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ವೀರಶೈವ ಧರ್ಮದಲ್ಲಿ ಮರಣಸೂತಕವಿಲ್ಲ, ಪ್ರೇತಕ್ಕೆ ಎಡೆಯಿಲ್ಲ. ಮೃತನನ್ನು ಕುಳ್ಳಿರಿಸಿ, ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಸಮಾಧಿ ಮಾಡುವಾಗ ಸಾವಿನ ಬಗೆಯನ್ನು ನೋಡಿ ದೇಹವನ್ನು ಮೇಲು ಕೀಳೆಂದು ವಿಂಗಡಿಸಲು ತತ್ತ್ವತಃ ಅವಕಾಶವಿಲ್ಲ. ಹಾಳು ದಿಬ್ಬ, ಊರದಾರಿ, ಕೆರೆ, ಬಾವಿ, ಮರಗಳಲ್ಲಿ ನೆಲಸಿ, ಬಸುರಿ ಬಾಣಂತಿಯರನ್ನೂ ಎಳೆಯ ಹೆಣ್ಣುಮಕ್ಕಳನ್ನೂ ಹಿಡಿದು ತಿನ್ನುವ ಕ್ಷುದ್ರದೈವಗಳನ್ನು ಬಸವಣ್ಣನವರು ಒಂದು ವಚನದಲ್ಲಿ ಮಣ್ಣಿನ ಮಡಕೆಗಳಿಗೆ ಹೋಲಿಸಿದ್ದಾರೆ. ಅವನ್ನೆಲ್ಲ ಒಡೆಯಲು ದೇವನಿಗೆ ಶರಣೆಂಬ ಒಂದು ಕೋಲು ಸಾಕೆಂದಿದ್ದಾರೆ. ಇದನ್ನು ಮೂಢನಂಬಿಕೆಯ ಖಂಡನೆಯೆಂದಷ್ಟೇ ಓದುವುದು ಸಾಲದು. ಆ ದೈವಗಳಿಗೆ ಆಹಾರವಾಗುವವರು ಯಾರೆಂಬುದನ್ನು ಬಸವಣ್ಣನವರು ಹೆಸರಿಟ್ಟು ಎಣಿಸಿದ್ದಾರೆ. ಸೊಸೆಯನ್ನು ಬೇಡಿದ ಕಲ್ಲನಕೇರಿಯ ಕೆರೆ ಆ ಪಟ್ಟಿಗೆ ಹೊರಗಿನದಲ್ಲ.

ಹರಕೆಗೆ ತಂದ ಕುರಿ ತೋರಣದ ಚಿಗುರನ್ನು ಮೇಯುವ ಚಿತ್ರವನ್ನು ಕೊಡುವ ಅವರ ಮತ್ತೊಂದು ವಚನವೂ ಇಲ್ಲಿ ಸ್ಮರಣೀಯ. ಆ ವಚನ ಕುರಿಯ ಅರಿಯಮೆಯಿಂದ ಆರಂಭವಾದರೂ ಕುರಿಯ ಮೇಲಿನ ಮರುಕದಲ್ಲಿ ನಿಲ್ಲುವುದಿಲ್ಲ; ಕೊಂದವರ ಗತಿಯೇನೆಂಬ ಪ್ರಶ್ನೆಯಲ್ಲಿ ಕೊನೆಗೊಳ್ಳುತ್ತದೆ. ಸತ್ತದ್ದನ್ನು ಏನು ಮಾಡಿ ತಣಿಸಬೇಕೆಂದು ಲೋಕ ಕೇಳಿದರೆ, ಕೊಂದವರು ಹೇಗೆ ಉಳಿದಾರೆಂದು ವಚನ ಕೇಳಿತು. ಕಲ್ಯಾಣದ ಪರಂಪರೆಯೂ ಹೀಗೆಯೇ ನಡೆದುಕೊಂಡಿದೆ. ಮಕ್ಕಳ ಮದುವೆಯ ಕಾರಣಕ್ಕಾಗಿ 12ನೆಯ ಶತಮಾನದಲ್ಲಿ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಹೇಳಲಾಗುವ ಹರಳಯ್ಯ ಮಧುವರಸರ ನೆನಪನ್ನು ಶರಣ ಸಮುದಾಯ ಭಯದಿಂದ ಕಾಪಾಡಿಕೊಂಡು ಬರಲಿಲ್ಲ. ಅವರ ಹೆಸರಿನೊಡನೆ ಕೊಲ್ಲಿಸಿದ ಅರಸನ ಹೆಸರನ್ನೂ, ಕೊಲೆಯ ಕಾರಣವನ್ನೂ ಸೇರಿಸಿಯೇ ನೆನೆಯಿತು.

ಗೀತೆಗೆ ಒಂದು ಮಿತಿ ಇಲ್ಲದಿಲ್ಲ. ಗಂಡನ ಆತ್ಮಾಹುತಿಯಿಂದ ಕಥೆ ಕರುಣೆಯ ತುದಿಯನ್ನು ಮುಟ್ಟುತ್ತದೆಯಾದರೂ, ಆ ಕರುಣೆಯ ಭರದಲ್ಲಿ ಕೇಳುಗನ ಕಣ್ಣು ಗೌಡನ ಮೇಲಿನಿಂದ ಸರಿದುಬಿಡುವ ಅಪಾಯವಿದೆ. ಪ್ರತಿಭಟಿಸಬಲ್ಲ ಒಬ್ಬನೇ ಮನುಷ್ಯ ಮಾತನಾಡದೆ ನೀರಿಗೆ ಬೀಳುತ್ತಾನೆ. ತ್ಯಾಗದ ವ್ಯಾಖ್ಯಾನ ಹುಟ್ಟಿಕೊಂಡದ್ದು ಬಹುಶಃ ಈ ಸಂದಿಯಲ್ಲಿ. ದಂಪತಿಗಳಿಬ್ಬರನ್ನೂ ಕೊಂಡಾಡಿದರೆ ಕೆರೆಯೂ ಉಳಿಯುತ್ತದೆ, ಗೌಡನ ಮರ್ಯಾದೆಯೂ ಉಳಿಯುತ್ತದೆ.

ಆದುದರಿಂದ ಈ ಗೀತೆಯನ್ನು ಓದುವವರೂ ಓದಿಸುವವರೂ ಭಾಗೀರಥಿಗೆ ಮಹಾಸತಿಯ ಪಟ್ಟ ಕಟ್ಟುವ ಮೊದಲು ಬಂಗಾರದ ಬಟ್ಟಲನ್ನು ಕೆರೆಯ ಬಳಿ ಬಿಟ್ಟವರು ಯಾರೆಂದು ಕೇಳುವುದು ಅವಶ್ಯ. ಹಾಡಿ ಬಂದ ಹೆಣ್ಣುಮಕ್ಕಳು ಆ ಬಟ್ಟಲನ್ನು ಕಥೆಯಿಂದ ತೆಗೆದುಹಾಕಲಿಲ್ಲ. ವಚನಗಳನ್ನು ಬಲ್ಲವರಿಗೆ ಅದರ ಅರ್ಥ ತಿಳಿಯದೆ ಹೋಗಬಾರದು.