ತುತ್ತೂರಿ ಗಿತ್ತೂರಿ

ಒಂದನೇ ತರಗತಿಗೆ ಪದ್ಯ ಹೇಳಿಕೊಟ್ಟು ಮುಗಿಸಿದ ಮೇಲೆ ನಾವು ಟೀಚರುಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: 'ಮಕ್ಕಳೇ, ಈ ಪದ್ಯದಿಂದ ನಾವೇನು ಕಲಿತೆವು?' ಜಿ. ಪಿ. ರಾಜರತ್ನಂ ಅವರ 'ತುತ್ತೂರಿ'ಯನ್ನು ನಾನು ಎಷ್ಟು ವರ್ಷ ಹೇಳಿಕೊಟ್ಟೆನೋ ಅಷ್ಟು ವರ್ಷವೂ ಈ ಪ್ರಶ್ನೆ ಕೇಳಿದ್ದೇನೆ. 'ಜಂಬ ಪಡಬಾರದು ಟೀಚರ್' ಎಂಬ ಒಕ್ಕೊರಲಿನ ಉತ್ತರ ಪಡೆದು ತೃಪ್ತಳಾಗಿದ್ದೇನೆ. ಒಮ್ಮೆ ಮಾತ್ರ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, 'ನೀರಿಗೆ ಬಿದ್ರೆ ತಗಡಿನ ಬಣ್ಣ ಹೋಗತ್ತಾ ಟೀಚರ್? ನಮ್ಮಪ್ಪ ಗೇಟಿಗೆ ಹೊಡೆದ ಬಣ್ಣ ಮಳೆ ಬಂದ್ರೂ ಹೋಗಿಲ್ಲ' ಎಂದ. ತರಗತಿಯೆಲ್ಲ ನಕ್ಕಿತು. 'ಕೂತ್ಕೋ' ಎಂದೆ. ಪದ್ಯವನ್ನು ನಿಜವಾಗಿ ಕೇಳಿಸಿಕೊಂಡವನು ಅವನೊಬ್ಬನೇ ಎಂಬುದು ಆಗ ಹೊಳೆಯಲಿಲ್ಲ.

ಶಿಶುಗೀತೆಗಳಿಗೆ ಈಗ ಒಳ್ಳೆಯ ಕಾಲ ಎನ್ನಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಎಣಿಸಿತು. 2022ರಲ್ಲಿ ಆ ಹಂತಕ್ಕೆಂದು ಬಂದ ಪಠ್ಯಕ್ರಮ ಚೌಕಟ್ಟು ಹಾಡು, ಕಥೆ, ಆಟಗಳಿಗೆ ಮುಖ್ಯ ಸ್ಥಾನ ಕೊಟ್ಟಿತು. ಸಂತೋಷವೇ. ಆದರೆ ಹಾಡಿಸುತ್ತಿದ್ದೇವೆ ಎಂದ ಮಾತ್ರಕ್ಕೆ ಹಾಡು ಮಗುವಿನ ಕಿವಿಗೆ ಬಿದ್ದಿತೆಂದಲ್ಲ. ನಾವು ಶಿಶುಗೀತೆಗೆ ನೀತಿ ಅಂಟಿಸುತ್ತೇವೆ, ವಾರ್ಷಿಕೋತ್ಸವಕ್ಕೆಂದು ಅಭಿನಯ ಅಂಟಿಸುತ್ತೇವೆ, ಕೊನೆಗೆ ಅಭ್ಯಾಸದ ಹಾಳೆಯೊಂದನ್ನೂ ಅಂಟಿಸುತ್ತೇವೆ. ಇಷ್ಟೆಲ್ಲದರ ಅಡಿಯಲ್ಲಿ ಅದರ ಸದ್ದು ಮಾತ್ರ ಕೇಳದೆ ಹೋಗುತ್ತದೆ. ಆ ಸದ್ದಿನಲ್ಲೇ ಪಾಠವಿತ್ತು ಎಂಬುದು ನನ್ನ ವಾದ.

'ತುತ್ತೂರಿ'ಯನ್ನೇ ನೋಡಿ. ಹುಡುಗನೊಬ್ಬ ಬಣ್ಣದ ತುತ್ತೂರಿ ಕೊಂಡು ಊದುತ್ತಾನೆ. ಸಪ್ತಸ್ವರಗಳು ಒಂದು ಸಲ ಏರುತ್ತವೆ, ಇನ್ನೊಂದು ಸಲ ಇಳಿಯುತ್ತವೆ. ಆರೋಹಣ ಅವರೋಹಣಗಳನ್ನು ಐದು ವರ್ಷದ ಮಗುವಿನ ನಾಲಗೆಗೆ ಇಷ್ಟು ಸುಲಭವಾಗಿ ಇಳಿಸಿದ ಪದ್ಯ ಬೇರೆ ಯಾವುದಿದೆ? ಹುಡುಗನಿಗೆ ಕಸ್ತೂರಿ ಎಂಬ ಹೆಸರು ಬಂದದ್ದೂ ತುತ್ತೂರಿಗೆ ಒಪ್ಪಲೆಂದೇ. ಕಡೆಯ ಸಾಲುಗಳೆಲ್ಲ 'ಆಯ್ತು' ಎಂದೇ ಮುಗಿಯುತ್ತವೆ. ಅಷ್ಟಕ್ಕೇ ಬಿಟ್ಟಿದ್ದರೂ ಪ್ರಾಸವೆನ್ನಿಸುತ್ತಿತ್ತು. ರಾಜರತ್ನಂ ಅಷ್ಟಕ್ಕೆ ಬಿಡದೆ ಅದರ ಹಿಂದಿನ ಲಕಾರ ಳಕಾರಗಳನ್ನೂ ಹೊಂದಿಸಿದ್ದಾರೆ. ಹೌದು, ಜಂಬದ ಮಾತು ಪದ್ಯದಲ್ಲೇ ಇದೆ, ಅದನ್ನು ನಾವು ಹುಟ್ಟಿಸಿದ್ದಲ್ಲ. ಆದರೆ ಕವಿ ಅದನ್ನು ತುತ್ತೂರಿಯ ಸಂತೋಷವನ್ನೆಲ್ಲ ಕೊಟ್ಟಾದ ಮೇಲೆ, ಕೊನೆಯಲ್ಲಿ, ನಗುತ್ತಾ ಹೇಳುತ್ತಾರೆ. ನಾವು ಆ ಕೊನೆಯನ್ನೇ ಹಿಡಿದುಕೊಂಡು ತುತ್ತೂರಿಯನ್ನು ಕೈಬಿಟ್ಟಿದ್ದೇವೆ. ಪಂಜೆ ಮಂಗೇಶರಾಯರ 'ನಾಗರಹಾವು' ಈ ವಿಷಯದಲ್ಲಿ ಪುಣ್ಯ ಮಾಡಿತ್ತು. ಅಲ್ಲಿ ಮಗು ಹಾವಿನ ಜೊತೆ ಮಾತಾಡುತ್ತದೆ, ಅಷ್ಟೆ. ನೀತಿ ಹುಡುಕಿದರೂ ಸಿಕ್ಕುವುದಿಲ್ಲ.

ಈ ಬುದ್ಧಿ ನನಗೆ ಬಂದದ್ದು ಪುಸ್ತಕದಿಂದಲ್ಲ. ಮೂರನೇ ತರಗತಿಗೆ ಬಂದರೂ ಓದಲು ಬಾರದ ಹುಡುಗಿಯೊಬ್ಬಳಿದ್ದಳು. ಒಂದನೇ ತರಗತಿಯಲ್ಲಿ ನಾನು ಪದ್ಯ ಹೇಳಿಸುವಾಗ ಅವಳು ಬಾಯಿ ತೆರೆಯುತ್ತಿರಲಿಲ್ಲ, ಬೆರಳಿನಿಂದ ಸ್ಲೇಟಿನ ಮೇಲೆ ತಾಳ ಹಾಕುತ್ತಿದ್ದಳು. 'ಕೈ ಕಟ್ಟು' ಎಂದು ಗದರಿದ್ದು ನಾನೇ. ಒಂದು ದಿನ ಬಿಸಿಯೂಟದ ಸಾಲಿನಲ್ಲಿ ಅವಳ ದನಿ ಕೇಳಿಸಿತು. ಗೆಳತಿಯನ್ನು ರೇಗಿಸುತ್ತಿದ್ದಳು: 'ನಿನಗೆ ಅನ್ನ ಗಿನ್ನ ಇಲ್ಲ, ಸಾರು ಗೀರು ಇಲ್ಲ, ಪಲ್ಯ ಗಿಲ್ಯ ಇಲ್ಲ, ತಟ್ಟೆ ಗಿಟ್ಟೆ ತೊಳ್ಕೊಂಡು ಹೋಗು!' ಸೌಟು ಹಿಡಿದಿದ್ದ ಅಡುಗೆಯಾಕೆ ನಕ್ಕಳು, ನಾನು ನಿಂತುಬಿಟ್ಟೆ.

ಆ ಹುಡುಗಿ ಏನು ಮಾಡುತ್ತಿದ್ದಳೆಂದು ಯೋಚಿಸಿ. ಪದದ ಮೊದಲ ಅಕ್ಷರವನ್ನು ಕಿತ್ತು ಅಲ್ಲಿ ಇನ್ನೊಂದನ್ನು ಕೂರಿಸುತ್ತಿದ್ದಳು. ಅದೂ ಹೇಗೆ? ಹ್ರಸ್ವವಿದ್ದಲ್ಲಿ 'ಗಿ', ದೀರ್ಘವಿದ್ದಲ್ಲಿ 'ಗೀ'. ಒಂದೂ ತಪ್ಪಲಿಲ್ಲ. ಈ ಹ್ರಸ್ವ ದೀರ್ಘಗಳನ್ನು ಕಾಗುಣಿತದಲ್ಲಿ ಕಲಿಸಲು ನಾನು ಅವಳೊಂದಿಗೆ ವಾರಗಟ್ಟಲೆ ಹೆಣಗಿದ್ದೆ. ಅದು ಅವಳ ಕಿವಿಯಲ್ಲಿ ಮೊದಲೇ ಇತ್ತು. ಕಿವಿಯಿಂದ ಸ್ಲೇಟಿಗೆ ದಾರಿ ತೋರಿಸಬೇಕಾಗಿದ್ದವಳು ನಾನು, ಕೈ ಕಟ್ಟಿಸಿ ಕೂರಿಸಿದ್ದೆ.

ಇನ್ನೂ ಒಂದು ಸೋಜಿಗವಿದೆ. ನಮ್ಮ ಹಳೆಯ ಕವಿಗಳ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಹಿಂದಿನ ಮೊದಲ ಅಕ್ಷರ ಎಲ್ಲ ಸಾಲಿನಲ್ಲೂ ಹ್ರಸ್ವವಾದರೆ ಹ್ರಸ್ವ, ದೀರ್ಘವಾದರೆ ದೀರ್ಘ. ತಟ್ಟೆ ಗಿಟ್ಟೆ ಎಂದವಳು ಪಾಲಿಸಿದ್ದೂ ಇದನ್ನೇ. ಕನ್ನಡದ ಕಿವಿ ಪದದ ತಲೆಯ ಕಡೆಗಿದೆ. ಇಂಗ್ಲಿಷಿನ ಶಿಶುಗೀತೆಗಳಲ್ಲಿ ಪ್ರಾಸ ಇರುವುದು ಸಾಲಿನ ಬಾಲದಲ್ಲಿ, ಅವರ ಭಾಷೆಗೆ ಅದು ಒಪ್ಪುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಶಿಶುವಿಹಾರದ ಪುಸ್ತಕವೊಂದನ್ನು ತೆರೆದೆ. ಕನ್ನಡ ಪದ್ಯದ ಕೆಳಗೆ 'ಕೊನೆಯ ಅಕ್ಷರ ಒಂದೇ ಇರುವ ಪದಗಳನ್ನು ಹೊಂದಿಸಿ' ಎಂದಿತ್ತು. ಇಂಗ್ಲಿಷ್ ಪುಸ್ತಕದ ಚಟುವಟಿಕೆಯನ್ನು ಹಾಗೇ ಎತ್ತಿ ಇಟ್ಟಂತಿತ್ತು. ಮನೆಯಲ್ಲಿ, ಊರಲ್ಲಿ, ಬಾವಿಯಲ್ಲಿ ಎಂದು ವಿಭಕ್ತಿ ಸೇರಿಸಿದರೆ ಕನ್ನಡದಲ್ಲಿ ಯಾವ ಪದ ತಾನೇ ಹೊಂದುವುದಿಲ್ಲ? ಮಗುವಿನ ಕಿವಿ ಅದರಿಂದ ಏನೂ ಚುರುಕಾಗದು. ಹತ್ತು, ಮುತ್ತು, ತುತ್ತು ಎಂದು ಮೊದಲ ಅಕ್ಷರ ಬದಲಿಸುತ್ತಾ ಹೋದರೆ ಆಟವೂ ಆಯಿತು, ಪಾಠವೂ ಆಯಿತು.

ಶಿಶುಗೀತೆಗೂ ಓದಿಗೂ ನಂಟಿದೆ ಎಂಬುದು ನನ್ನ ಊಹೆಯಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮೊರಾಗ್ ಮೆಕ್ಲೀನ್, ಪೀಟರ್ ಬ್ರಯಂಟ್, ಲಿನೆಟ್ ಬ್ರಾಡ್ಲಿ ಮೂವರೂ 66 ಪುಟ್ಟ ಮಕ್ಕಳನ್ನು ಮೂರನೆಯ ವಯಸ್ಸಿನಿಂದ ಗಮನಿಸಿ 1987ರಲ್ಲಿ ಬರೆದರು: ಶಿಶುಗೀತೆ ಹೆಚ್ಚು ಬಲ್ಲ ಮಕ್ಕಳು ಪದದೊಳಗಿನ ಸದ್ದುಗಳನ್ನು ಮುಂದೆ ಚೆನ್ನಾಗಿ ಗುರುತಿಸುತ್ತಾರೆ. ಅದು ಇಂಗ್ಲಿಷಿನ ಮಾತು. ಕನ್ನಡದ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ ಅವರ 2007ರ ಲೇಖನದ ಪ್ರಕಾರ, ನಮ್ಮ ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಚಾಚುತ್ತದೆ. 49 ಅಕ್ಷರಗಳ ಜೊತೆಗೆ ಕಾಗುಣಿತ, ಒತ್ತಕ್ಷರ ಸೇರಿದರೆ ಹೊರೆ ಸಣ್ಣದಲ್ಲ. ಅಷ್ಟು ದೂರ ನಡೆಯಬೇಕಾದ ಮಗುವಿಗೆ ಕಿವಿಯ ಬುತ್ತಿ ಬೇಡವೇ?

ಈಗ ನಾನು ಮಾಡುವುದು ಬಹಳ ಸರಳ. ಪದ್ಯ ಹೇಳುತ್ತಾ ಸಾಲಿನ ಕೊನೆಯ ಪದದ ಮುಂಚೆ ನಿಲ್ಲುತ್ತೇನೆ, ಮಕ್ಕಳು ತುಂಬುತ್ತಾರೆ. ತು-ತ್ತೂ-ರಿ ಎಂದು ಅಕ್ಷರಕ್ಕೊಂದು ಚಪ್ಪಾಳೆ ಹಾಕಿಸುತ್ತೇನೆ. ಆಮೇಲೆ ಗಿ-ಗೀ ಆಟ: ತುತ್ತೂರಿ ಗಿತ್ತೂರಿ, ಕೋಳಿ ಗೀಳಿ. ಅಂಗಳದಲ್ಲಿ ಕೈಗಳನ್ನು ಸಾಲಾಗಿ ಇಟ್ಟು 'ಅವಲಕ್ಕಿ ಪವಲಕ್ಕಿ' ಆಡಿಸಿದರೆ ಪದಕ್ಕೊಂದು ಕೈ ಮುಟ್ಟುತ್ತಾ ಎಣಿಕೆಯೂ ಬರುತ್ತದೆ. ಅಮ್ಮಂದಿರೇ, ಇದಕ್ಕೆ ಬಿಇಡಿ ಬೇಕಿಲ್ಲ. ಚಪಾತಿ ಲಟ್ಟಿಸುತ್ತಲೇ ಮಾಡಬಹುದು. ಮೊಬೈಲಿನ ಹಾಡಿಗಿಂತ ನಿಮ್ಮ ಹಾಡು ಏಕೆ ಮೇಲೆಂದರೆ, ಮೊಬೈಲು ಮಗು ಪದ ತುಂಬಲೆಂದು ಕಾಯುವುದಿಲ್ಲ.

ಆ ಹುಡುಗಿಗೆ ಓದು ಬಂದದ್ದು ಐದನೇ ತರಗತಿಯಲ್ಲಿ. ಎರಡು ವರ್ಷ ಮುಂಚೆ ಬರಬಹುದಿತ್ತು. ಆ ಎರಡು ವರ್ಷ ಅವಳು 'ದಡ್ಡಿ' ಎನ್ನಿಸಿಕೊಂಡಳು. ಅದರ ಲೆಕ್ಕ ನನ್ನ ಹೆಸರಿನಲ್ಲಿದೆ.

ಹೋದ ವರ್ಷ 'ತುತ್ತೂರಿ' ಮುಗಿಸಿದ ಮೇಲೆ 'ಏನು ಕಲಿತೆವು' ಎಂದು ಕೇಳಲಿಲ್ಲ. ಬಣ್ಣ ಹೊಡೆದ ಡಬ್ಬಿಯ ಮುಚ್ಚಳವೊಂದನ್ನು ಬಕೆಟ್ಟಿನ ನೀರಿಗೆ ಹಾಕಿ ಇಟ್ಟೆ. ಮಕ್ಕಳು ಗಂಟೆಗೊಮ್ಮೆ ಬಗ್ಗಿ ನೋಡಿದರು. ಸಂಜೆಯಾದರೂ ಬಣ್ಣ ಹೋಗಿರಲಿಲ್ಲ. 'ಹಾಗಾದ್ರೆ ಪದ್ಯ ಸುಳ್ಳಾ ಟೀಚರ್?' ಎಂದಳು ಒಬ್ಬಳು. 'ಅದು ಹಳೇ ಕಾಲದ ಬಣ್ಣ ಕಣೇ' ಎಂದ ಇನ್ನೊಬ್ಬ. ಬೆಲ್ ಹೊಡೆದರೂ ಅವರ ಜಗಳ ಮುಗಿದಿರಲಿಲ್ಲ.