ಮುತ್ತುಗದ ಎರಡು ಬಣ್ಣ

ಫಾಲ್ಗುಣದ ಒಂದು ಬೆಳಗ್ಗೆ, ಎಲೆಯೆಲ್ಲ ಉದುರಿ ಹೂವೇ ತಾನಾಗಿ ನಿಂತಿದ್ದ ಮುತ್ತುಗದ ಮರವೊಂದನ್ನು ಸೆರೆಹಿಡಿದು, ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಮೂಡಿದ ಕೇಸರಿಗೆಂಪಿಗೆ ಮರುಳಾಗಿ ಮನೆಗೆ ಬಂದು, ಕಂಪ್ಯೂಟರಿನಲ್ಲಿ ರಾ ಕಡತವನ್ನು ತೆರೆದಾಗ, ಆ ಬಣ್ಣವು ಕ್ಷಣಮಾತ್ರ ಹೊಳೆದು, ಕಣ್ಣೆದುರಿಗೇ ಕಳೆಗುಂದಿ, ಒಗೆದೊಗೆದು ಮಾಸಿದ ಸೀರೆಯಂತಾದುದನ್ನು ಕಂಡು ನನಗಾದ ನಿರಾಶೆ ಅಲ್ಪವಲ್ಲ. ಅದೇ ಕ್ಯಾಮೆರಾ ಜೊತೆಯಲ್ಲಿಯೇ ಬರೆದಿಟ್ಟಿದ್ದ ಜೆಪೆಗ್ ಚಿತ್ರವಾದರೋ ಉಜ್ವಲವಾಗಿಯೇ ಇದ್ದಿತು. ರಾ ಶ್ರೇಷ್ಠವೆಂದು ಬಲ್ಲವರು ಹೇಳುತ್ತಾರೆ, ನೋಡಿದರೆ ಜೆಪೆಗ್ಗೇ ಚೆನ್ನ. ಈ ದೂರನ್ನು ಒಮ್ಮೆಯೂ ಆಡದ ಛಾಯಾಗ್ರಾಹಕರು ವಿರಳ.

ರಾ ಕಡತವನ್ನು ಚಿತ್ರವೆಂದು ಭಾವಿಸುವುದರಿಂದಲೇ ಈ ದೂರು ಹುಟ್ಟುತ್ತದೆ. ಸಂವೇದಕದ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಯಾವುದೋ ಒಂದು ಬಣ್ಣದ ಫಿಲ್ಟರಿನ ಹಿಂದೆ ಕುಳಿತು, ತನ್ನ ಮೇಲೆ ಬಿದ್ದ ಬೆಳಕಿನ ಪ್ರಮಾಣವನ್ನಷ್ಟೇ ಅಂಕೆಯಾಗಿ ಒಪ್ಪಿಸುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸದಂತೆ ಅವುಗಳಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಪ್ರತಿ ಬಿಂದುವಿನಲ್ಲಿಯೂ ಇಲ್ಲದ ಎರಡು ಬಣ್ಣಗಳನ್ನು ನೆರೆಯವುಗಳಿಂದ ಊಹಿಸಿ ತುಂಬಿ, ಬಿಳುಪು ಯಾವುದೆಂದು ನಿರ್ಣಯಿಸಿ, ಬೆಳಕು ಇಮ್ಮಡಿಸಿದರೆ ತಾನೂ ಇಮ್ಮಡಿಸುವ ಸಂವೇದಕದ ನೇರ ಲೆಕ್ಕವನ್ನು ಕಣ್ಣಿಗೊಪ್ಪುವಂತೆ ಬಾಗಿಸಿ, ಮೇಲೆ ಒಂದಿಷ್ಟು ವರ್ಣಗಾಢತೆಯನ್ನೂ ಅಂಚುಗಳಿಗೆ ಹರಿತವನ್ನೂ ಕೂಡಿಸಿ ಕ್ಯಾಮೆರಾ ಬಡಿಸುವ ಸಿದ್ಧಾನ್ನವೇ ಜೆಪೆಗ್. ಪರದೆಯಲ್ಲಿ ನಾನು ಕಂಡದ್ದೂ, ಕಂಪ್ಯೂಟರಿನಲ್ಲಿ ಕ್ಷಣಕಾಲ ಹೊಳೆದದ್ದೂ ರಾ ಕಡತದೊಳಗೇ ಅಡಗಿಸಿಟ್ಟ ಅಂಥದೊಂದು ಜೆಪೆಗ್ ಪ್ರತಿ. ಅದು ಸರಿದ ಮೇಲೆ ಬಂದದ್ದು ಅದೇ ಅಂಕೆಗಳಿಂದ ತಂತ್ರಾಂಶವು ತನ್ನ ರುಚಿಯಂತೆ ಇಳಿಸಿದ ಬೇರೆ ಪಾಕ. ಒಂದು ಮೂಲಕ್ಕೆ ಇಬ್ಬರು ಟೀಕಾಕಾರರು. ಬರಿಯ ಮೂಲವನ್ನು ಕಣ್ಣಾರೆ ಕಂಡವರಿಲ್ಲ.

ಹಾಗಾದರೆ ಕ್ಯಾಮೆರಾದ ಟೀಕೆಯೇ ಸಾಲದೆ? ಪತ್ರಿಕೆಗೆ ಆ ಗಳಿಗೆಯಲ್ಲೇ ಚಿತ್ರ ಕಳುಹಿಸಬೇಕಾದವನಿಗೆ ಧಾರಾಳವಾಗಿ ಸಾಕು. ನನ್ನ ಮುತ್ತುಗಕ್ಕೆ ಸಾಲಲಿಲ್ಲ. ಜೆಪೆಗ್ಗನ್ನು ಹಿಗ್ಗಿಸಿ ನೋಡಿದಾಗ, ಕೆಂಪಿನ ಅಂಕೆ ತನ್ನ ಮೇರೆಯನ್ನು ಮುಟ್ಟಿ ನಿಂತು, ದಳದ ಮಖಮಲ್ಲೂ ಬಾಗೂ ಅಳಿಸಿಹೋಗಿ, ಹೂವು ಬಣ್ಣದ ಮುದ್ದೆಯಾಗಿದ್ದಿತು. ಗಿಳಿಯ ಕೊಕ್ಕನ್ನು ನೆನಪಿಸುವುದರಿಂದಲೇ ಕಿಂಶುಕವೆನಿಸಿಕೊಂಡ ಹೂವಿಗೆ ಕೊಕ್ಕೇ ಇಲ್ಲದಿದ್ದರೆ ಉಳಿದುದೇನು? ಬಣ್ಣವೊಂದಕ್ಕೆ 256 ಮೆಟ್ಟಿಲುಗಳಷ್ಟೇ ಇರುವ ಜೆಪೆಗ್ಗಿನಲ್ಲಿ ಹೋದದ್ದು ಹೋಯಿತು. 14 ಬಿಟ್ಟಿನ ರಾ ಕಡತದಲ್ಲಿ 16,384 ಮೆಟ್ಟಿಲುಗಳು. ಬೆಳಕನ್ನು ತುಸು ತಗ್ಗಿಸಿದೊಡನೆ ಕೊಕ್ಕು ಮರಳಿ ಬಂದಿತು.

ರಾ ಪಕ್ಷದವರಲ್ಲಿಯೂ ನನಗೊಂದು ತಕರಾರುಂಟು. ತಮ್ಮ ಕಡತವೇ ನಿಸರ್ಗದ ಸತ್ಯವೆಂದು ಬೀಗುವವರು, ತಂತ್ರಾಂಶದ ಮೊದಲ ನೋಟವೂ ಯಾರೋ ಆರಿಸಿಟ್ಟ ರುಚಿಯೆಂಬುದನ್ನು ಮರೆಯುತ್ತಾರೆ. ಆದರೆ ಹೆಚ್ಚಿನ ದೋಷ ತಯಾರಕರದು: ತಮ್ಮ ಬಣ್ಣದ ಪಾಕವನ್ನು ಮನೆಯ ಗುಟ್ಟಿನಂತೆ ಬಚ್ಚಿಟ್ಟು, ಅನ್ಯ ತಂತ್ರಾಂಶಗಳು ಅದನ್ನು ಅಂದಾಜಿನಿಂದ ಅನುಕರಿಸುವಂತೆ ಮಾಡಿದ್ದಾರೆ. ಕ್ಯಾನನ್ನಿನ ಹೈಲೈಟ್ ಟೋನ್ ಪ್ರಯಾರಿಟಿಯಂಥ ವ್ಯವಸ್ಥೆಯು, ಬೆಳ್ಳನೆಯ ಭಾಗಗಳನ್ನು ಉಳಿಸಲೆಂದು ಬೆಳಕನ್ನು ಬೇಕೆಂದೇ ಕಡಿಮೆ ದಾಖಲಿಸಿ ಜೆಪೆಗ್ಗಿನಲ್ಲಿ ಮಾತ್ರ ಮೇಲೆತ್ತುವುದರಿಂದ, ಆ ಸೂಚನೆಯನ್ನು ಓದದ ತಂತ್ರಾಂಶದಲ್ಲಿ ಅದೇ ಚಿತ್ರವು ಮಬ್ಬಾಗಿಯೇ ತೆರೆದುಕೊಳ್ಳುತ್ತದೆ. ಕ್ಯಾಮೆರಾದ ಬಣ್ಣವೇ ಬೇಕೆನ್ನುವವರು ತಯಾರಕರದೇ ತಂತ್ರಾಂಶವನ್ನು ಹಿಡಿಯುವುದು ಮೇಲು.

ಆ ಮುತ್ತುಗ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ರಾ ಕಡತದಿಂದ ಇಳಿಸಿದ್ದು. ಕೆಂಪು ಜೆಪೆಗ್ಗಿನದಕ್ಕಿಂತ ಕೊಂಚ ಕಡಿಮೆಯೇ.