ಹೊಳಿ ಬಂದ್ರ ಬಸ್ ಬರಂಗಿಲ್ಲ

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣೆಯ ದಂಡೆಯ ಊರು, ಅಲ್ಲಮಪ್ರಭುವಿನ ಗುಡಿಗೆ ಹೆಸರಾದದ್ದು. ಇಂಥ ಊರಿನ ಮಗು ‘ಹೊಳಿ ಬಂದ್ರ ಬಸ್ ಬರಂಗಿಲ್ಲ’ ಎಂದು ಸಲೀಸಾಗಿ ಹೇಳುತ್ತದೆ. ಅದೇ ಮಗು ಇಂಗ್ಲಿಷ್ ಪೀರಿಯಡ್ಡಿನಲ್ಲಿ ವಾಕ್ಯಗಳನ್ನು ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂದು ವಿಂಗಡಿಸಲು ಕೂತರೆ ತಡವರಿಸುತ್ತದೆ. ದೋಷ ನಾವು ಹೇಳಿಕೊಡುವ ಅಡ್ಡದಾರಿಯಲ್ಲಿದೆ.

ಆ್ಯಂಡ್, ಬಟ್ ಕಂಡರೆ ಕಾಂಪೌಂಡ್. ಇಫ್, ವೆನ್, ಬಿಕಾಸ್ ಕಂಡರೆ ಕಾಂಪ್ಲೆಕ್ಸ್. ಯಾವುದೂ ಕಾಣದಿದ್ದರೆ ಸಿಂಪಲ್. ಗೈಡು ಹಿಡಿದು ಓದಿದವರಿಗೆಲ್ಲ ಈ ಸೂತ್ರ ಬಾಯಿಪಾಠ. ‘ರಾಜು ಆ್ಯಂಡ್ ರವಿ ಕ್ರಾಸ್ಡ್ ದಿ ರಿವರ್’ ಎಂಬಲ್ಲೇ ಅದು ಕೈಕೊಡುತ್ತದೆ. ದಾಟಿದವರು ಇಬ್ಬರು, ಕ್ರಿಯಾಪದ ಒಂದೇ, ಅದು ಸಿಂಪಲ್. ಇನ್ನೂ ಸೂಕ್ಷ್ಮವಾದ ಜೋಡಿಯೊಂದಿದೆ. ‘ವಿ ಲೆಫ್ಟ್ ಬಿಫೋರ್ ಸನ್‌ರೈಸ್’ ಸಿಂಪಲ್, ‘ವಿ ಲೆಫ್ಟ್ ಬಿಫೋರ್ ದಿ ಸನ್ ರೋಸ್’ ಕಾಂಪ್ಲೆಕ್ಸ್. ಎರಡರಲ್ಲೂ ಬಿಫೋರ್ ಇದೆ. ಎರಡನೆಯದರಲ್ಲಿ ಮಾತ್ರ ಸೂರ್ಯ ಕರ್ತೃವಾಗಿ, ‘ರೋಸ್’ ಎಂಬ ಪೂರ್ಣ ಕ್ರಿಯಾಪದವನ್ನು ಜೊತೆಗಿಟ್ಟುಕೊಂಡು ಉಪವಾಕ್ಯವಾಗಿ ನಿಂತಿದ್ದಾನೆ. ಹುಡುಕಬೇಕಾದದ್ದು ಕರ್ತೃ, ಕ್ರಿಯಾಪದಗಳ ಈ ಜೋಡಿಯನ್ನು.

ಕನ್ನಡದ ಮಗುವಿಗೆ ಇದು ಯಾಕೆ ಕಷ್ಟ? ನಮ್ಮ ಮಾತು ಬೇರೆ ಹದದಲ್ಲಿ ಬೆಳೆದಿದೆ. ‘ಹೊಳಿ ದಾಟಿ ಬಂದು ಉಂಡು ಮಲಗಿದ’ ಎಂಬಲ್ಲಿ ನಾಲ್ಕು ಕೆಲಸಗಳಿವೆ, ಪೂರ್ಣ ಕ್ರಿಯಾಪದ ಕೊನೆಯದೊಂದೇ. ‘ನಿನ್ನೆ ಬಂದ ಹುಡುಗ’ ಎಂದರೆ ಸಾಕು, ‘ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಎಂದು ‘ಹೂ’ ತಂದು ಇನ್ನೊಂದು ಉಪವಾಕ್ಯ ಕಟ್ಟಬೇಕಿಲ್ಲ. ನಮ್ಮ ಹಳೆಯ ವ್ಯಾಕರಣ, ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲೂ ಸಂಧಿ, ಸಮಾಸ, ತದ್ಧಿತಗಳಿಗೆ ಪ್ರಕರಣಗಳಿವೆ, ವಾಕ್ಯದ ಬಗೆಗಳಿಗೆ ಇಲ್ಲ. ಇವತ್ತಿನ ಕನ್ನಡ ಪಠ್ಯದ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ವಿಂಗಡಣೆ ಇಂಗ್ಲಿಷಿನ ಅಚ್ಚಿಗೆ ಹೊಂದುವಂಥದ್ದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹಟ ಹಿಡಿದದ್ದು ಇಂಥ ಕಡೆ ಸರಿಯೆನಿಸುತ್ತದೆ.

ಹಾಗೆಂದು ಇಂಗ್ಲಿಷ್ ವಾಕ್ಯ ವಿಂಗಡಣೆಯ ಪಾಠವನ್ನೇ ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ರೆನ್ ಮತ್ತು ಮಾರ್ಟಿನ್ ಅವರ ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ಒಂದು ಬಗೆಯ ವಾಕ್ಯವನ್ನು ಇನ್ನೊಂದಕ್ಕೆ ತಿರುಗಿಸುವ ಅಭ್ಯಾಸಗಳಿವೆಯಲ್ಲ, ಅವು ನಿಜಕ್ಕೂ ಬೆಲೆಯುಳ್ಳವು. ಬರೆಯುವ ಕೈಗೆ ಬಲ ಕೊಡುತ್ತವೆ. ಬರೀ ಹೆಸರು ಗುರುತಿಸಿ ಅಂಕ ಪಡೆಯುವುದರಿಂದ ಆ ಬಲ ಬರುವುದಿಲ್ಲ.

ಮಗುವಿನ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದು ಶುರುಮಾಡಿದರೆ? ‘ಬಂದ್ರ’ಕ್ಕೆ ಅಡಿಗೆರೆ ಎಳೆದು, ಇಷ್ಟಕ್ಕೇ ಮಾತು ಮುಗಿಯಿತೇ ಎಂದು ಕೇಳಬೇಕು. ಇಲ್ಲ ಅನ್ನುತ್ತದೆ ಮಗು. ಆಮೇಲೆ ಪಕ್ಕದಲ್ಲಿ ‘ಇಫ್ ದಿ ರಿವರ್ ರೈಸಸ್, ದಿ ಬಸ್ ಡಸ್ ನಾಟ್ ಕಮ್’ ಎಂದು ಬರೆದು, ಹೊಳೆಗೊಂದು, ಬಸ್ಸಿಗೊಂದು ಕ್ರಿಯಾಪದ ಹುಡುಕಲು ಸೀಮೆಸುಣ್ಣವನ್ನು ಅದರ ಕೈಗೇ ಕೊಡಬೇಕು.